ಬಕ್ಷೀಸ ಬಂದ ಹೊಲದಲ್ಲಿ ಶಾಲೆ ಏಳಬೇಕಾದರೆ

ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಂಡಾಗ ಅವರಿಗೆ ನಲವತ್ತೈದು ವರ್ಷ. ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ಓದಿಗೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟು ಹೋಗಿದ್ದರು. ಅದರಿಂದ ಹುಟ್ಟಿದ ಟ್ರಸ್ಟಿನ ಹೆಸರಿನಲ್ಲಿ ನಮ್ಮ ನವಲಗುಂದವೂ ಇದೆ: ಶಿರಸಂಗಿ–ನವಲಗುಂದ ಟ್ರಸ್ಟ್. ಜನ ಅವರನ್ನು ತ್ಯಾಗವೀರ ಎಂದು ಕರೆಯುತ್ತಾರೆ. ಆ ತ್ಯಾಗ ನೂರು ವರ್ಷ ದಾಟಿ ನಿಂತಿರುವುದಕ್ಕೆ ಇನ್ನೊಂದು ಕಾರಣವಿದೆ, ಅದನ್ನು ಯಾರೂ ಹಾಡಿ ಹೊಗಳುವುದಿಲ್ಲ. ಕೊಟ್ಟದ್ದನ್ನು ಅವರು ಬಾಯಿಮಾತಿನಲ್ಲಿ ಬಿಡಲಿಲ್ಲ, ಬರೆದಿಟ್ಟರು.

ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಕೊಡುವವರು ಇಂದಿಗೂ ಇದ್ದಾರೆ. ಕಲಘಟಗಿಯ ಕಾಡಂಚಿನಲ್ಲಿ ಒಂದು ಸಾಲಿ ಆಗಲಿ ಎಂದು ಗುಡ್ಡದ ಬುಡದ ಎರಡೆಕರೆ ಬಿಟ್ಟುಕೊಡುವ ರೈತರು, ಕುಂದಗೋಳದಲ್ಲಿ ಊರ ಹಿರಿಯರ ಹೆಸರಿನಲ್ಲಿ ಶಾಲೆ ಕಟ್ಟಬೇಕೆನ್ನುವ ನಿವೃತ್ತ ಶಿಕ್ಷಕರು, ಪರದೇಶದಿಂದ ದುಡ್ಡು ಕಳಿಸಲು ಸಿದ್ಧರಿರುವ ಅಣ್ಣಿಗೇರಿಯ ಮಕ್ಕಳು. ಮನಸ್ಸಿಗೆ ಕೊರತೆ ಇಲ್ಲ. ಕಷ್ಟ ಬರುವುದು ಕ್ರಮ ತಪ್ಪಿದಾಗ. ಮೊದಲು ಕಟ್ಟಡ ಎದ್ದು, ಆಮೇಲೆ ಮಕ್ಕಳು ಬಂದು, ಕೊನೆಗೆ ಪರವಾನಗಿ ಹುಡುಕಲು ಹೊರಟರೆ ಪೆಟ್ಟು ಬೀಳುವುದು ಮಕ್ಕಳಿಗೆ. ಕಾನೂನು ಕೇಳುವ ಕ್ರಮ ಬೇರೆ: ಮೊದಲು ಸಂಸ್ಥೆ, ನಂತರ ಆ ಸಂಸ್ಥೆಯ ಹೆಸರಿಗೆ ಜಮೀನು, ನಂತರ ಅನುಮತಿ, ಕೊನೆಗೆ ದಾಖಲಾತಿ.

ಅದಕ್ಕೂ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಊರಿಗೆ ಹೊಸ ಶಾಲೆಯೇ ಬೇಕೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ನೆರೆಹೊರೆಯಲ್ಲಿ ಶಾಲೆ ಒದಗಿಸುವುದು ಸರ್ಕಾರದ ಕರ್ತವ್ಯ. ಕರ್ನಾಟಕದ ನಿಯಮಗಳಲ್ಲಿ ಒಂದರಿಂದ ಐದನೇ ತರಗತಿಗೆ ಒಂದು ಕಿಲೋಮೀಟರ್, ಆರರಿಂದ ಎಂಟಕ್ಕೆ ಮೂರು ಕಿಲೋಮೀಟರ್ ಎಂಬ ಅಳತೆ ಇದೆ. ಕಲಘಟಗಿ ಭಾಗದಲ್ಲಿ ಗೌಳಿಗಳ, ಸಿದ್ದಿಗಳ ಮನೆಗಳು ಅಲ್ಲೊಂದು ಇಲ್ಲೊಂದು ಚದುರಿರುತ್ತವೆ. ಅಂಥ ಕಡೆ ಶಾಲೆ ದೂರವಿದ್ದರೆ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಅದರ ಪ್ರತಿಯೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅಂದರೆ ಬಿಇಓ ಅವರಿಗೆ, ಬರೆದು ಕೇಳುವುದು ಹಕ್ಕು, ದಯೆಯ ಮಾತಲ್ಲ. ಊರಲ್ಲಿ ಸರ್ಕಾರಿ ಶಾಲೆ ಇದ್ದು ಕೋಣೆ, ಶೌಚಾಲಯ, ಗ್ರಂಥಾಲಯ ಇಲ್ಲವೆಂದರೆ, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಮತ್ತು ಇಲಾಖೆಯ ಒಪ್ಪಿಗೆ ಪಡೆದು ಅವನ್ನೇ ಕಟ್ಟಿಸಿಕೊಡಬಹುದು. ನನ್ನ ಅಭಿಪ್ರಾಯ ಕೇಳಿದರೆ, ಅನೇಕ ಊರುಗಳಲ್ಲಿ ದಾನದ ದುಡ್ಡಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಹೊಸ ಶಾಲೆ ನಿಜವಾಗಿ ಬೇಕು ಎನಿಸಿದವರು ಮುಂದೆ ಓದಿ.

ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಶಾಲೆಗೆ ಮಾನ್ಯತೆ ಸಿಗುವುದಿಲ್ಲ. ಲಾಭಕ್ಕಲ್ಲದ ಸಂಸ್ಥೆ ಬೇಕು: ಟ್ರಸ್ಟ್, ನೋಂದಾಯಿತ ಸಂಘ, ಅಥವಾ 2013ರ ಕಂಪನಿ ಕಾಯ್ದೆಯ 8ನೇ ಕಲಮಿನ ಕಂಪನಿ. ಹಳ್ಳಿಗೆ ಮೊದಲ ಎರಡು ಸಾಕು. ಸಂಘವಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಜನ ಸದಸ್ಯರು ಬೇಕು; ನೋಂದಣಿ ಆಗುವುದು ಸಹಕಾರ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯನ್ನು ಹುಟ್ಟುಹಾಕಿದವರೂ ಏಳು ಜನ ಶಿಕ್ಷಕರೇ. ಸಂಘ ವರ್ಷವರ್ಷವೂ ಸರ್ವಸದಸ್ಯರ ಸಭೆ ನಡೆಸಬೇಕು, ಆಡಳಿತ ಮಂಡಳಿಯ ಪಟ್ಟಿಯನ್ನೂ ಆಡಿಟ್ ಆದ ಲೆಕ್ಕವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಇದನ್ನು ತಪ್ಪಿಸಿ ವರ್ಷಗಟ್ಟಲೆ ಕಳೆದರೆ ವಿಚಾರಣೆ ನಡೆದು ಆಡಳಿತಾಧಿಕಾರಿಯ ನೇಮಕದವರೆಗೂ ಹೋಗಬಹುದು.

ಟ್ರಸ್ಟ್ ಮಾಡುವವರಿಗೆ ನಮ್ಮ ಭಾಗದ ಒಂದು ವಿಶೇಷ ಗೊತ್ತಿರಬೇಕು. 1956ರವರೆಗೆ ಧಾರವಾಡ ಮುಂಬಯಿ ರಾಜ್ಯದಲ್ಲಿತ್ತು. ಹಾಗಾಗಿ 1950ರ ಮುಂಬಯಿ ಸಾರ್ವಜನಿಕ ಟ್ರಸ್ಟ್ ಕಾಯ್ದೆ ಈ ಭಾಗದ ಧರ್ಮಾರ್ಥ ಸಂಸ್ಥೆಗಳಿಗೆ ಅನ್ವಯಿಸುತ್ತ ಬಂತು, ಹಳೆಯ ಮೈಸೂರಿನ ಟ್ರಸ್ಟುಗಳಿಗೆ ಈ ಕಾಯ್ದೆಯ ಗೊಡವೆ ಇಲ್ಲ; ಇಂದು ಅದು ನಿಮ್ಮ ಟ್ರಸ್ಟಿಗೆ ಅನ್ವಯಿಸುತ್ತದೆಯೇ ಎಂದು ಕೇಳಿ ತಿಳಿಯಿರಿ. ಆ ಕಾಯ್ದೆಯಡಿ ಟ್ರಸ್ಟಿನ ಸ್ಥಿರಾಸ್ತಿಯನ್ನು ಚಾರಿಟಿ ಕಮಿಷನರರ ಮುಂಗಡ ಮಂಜೂರಾತಿ ಇಲ್ಲದೆ ಮಾರುವಂತಿಲ್ಲ. ಬೆಂಗಳೂರಿನ ಯಾವುದೋ ಟ್ರಸ್ಟ್ ಪತ್ರವನ್ನು ನಕಲು ಮಾಡಿ ಹೆಸರು ಬದಲಿಸುವ ಬದಲು ಧಾರವಾಡದ ದಿವಾಣಿ ವಕೀಲರಿಂದ ಬರೆಯಿಸಿ, ಸಬ್‌ರಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಟ್ರಸ್ಟಿಗಳೆಲ್ಲ ಒಂದೇ ಮನೆಯವರಾಗುವುದು ಬೇಡ. ಸಂಸ್ಥೆ ಮುಚ್ಚಿದರೆ ಆಸ್ತಿ ಇದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಹೋಗಬೇಕು, ಟ್ರಸ್ಟಿಗಳಿಗೆ ಹಂಚಿಕೆ ಆಗಕೂಡದು ಎಂಬ ಮಾತು ಪತ್ರದಲ್ಲಿ ಇರಲೇಬೇಕು.

ಇನ್ನು ಜಮೀನು. ತಂಟೆಗಳೆಲ್ಲ ಹುಟ್ಟುವುದು ಇಲ್ಲಿಯೇ. ಊರ ಗುಡಿಯ ಕಟ್ಟೆಯ ಮೇಲೆ ಹತ್ತು ಜನರ ಮುಂದೆ ಕೊಟ್ಟ ಮಾತಿಗೆ ಎಷ್ಟೇ ಗೌರವವಿದ್ದರೂ, ಸ್ಥಿರಾಸ್ತಿಯ ದಾನ ಕಾನೂನಿನಲ್ಲಿ ನಿಲ್ಲಬೇಕಾದರೆ ನೋಂದಾಯಿತ ಬಕ್ಷೀಸಪತ್ರ ಬೇಕು, ಅದಕ್ಕೆ ಕನಿಷ್ಠ ಇಬ್ಬರು ಸಾಕ್ಷಿದಾರರ ಸಹಿ ಬೇಕು. ನೂರು ರೂಪಾಯಿ ಬಾಂಡ್ ಪೇಪರಿನ ಮೇಲೆ ನೋಟರಿ ಮಾಡಿಸಿದ ಕಾಗದದಿಂದ ಮಾಲಕಿ ಹಕ್ಕು ಬದಲಾಗುವುದಿಲ್ಲ. ಬಕ್ಷೀಸಪತ್ರ ಇರಬೇಕಾದದ್ದು ಸಂಸ್ಥೆಯ ಹೆಸರಿಗೆ, ಅಧ್ಯಕ್ಷರ ಸ್ವಂತ ಹೆಸರಿಗಲ್ಲ.

ಕೊಡುವವರ ಉತಾರದಲ್ಲಿ ಒಬ್ಬರದೇ ಹೆಸರಿದೆ ಎಂದು ಸಮಾಧಾನ ಪಡಬೇಡಿ. ಪಿತ್ರಾರ್ಜಿತ ಜಮೀನಾಗಿದ್ದು ವಾಟಣಿ ಆಗಿರದಿದ್ದರೆ, ಆ ಹೊಲದಲ್ಲಿ ಮನೆಯ ಎಲ್ಲ ಮಕ್ಕಳಿಗೂ ಪಾಲಿದೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ಪ್ರಕಾರ ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಸಮಪಾಲುದಾರರು. ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಬೇಕಿತ್ತೆಂಬ ವಾದವನ್ನು ಸುಪ್ರೀಂ ಕೋರ್ಟ್ 2020ರಲ್ಲಿ ತಳ್ಳಿಹಾಕಿದೆ. ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಕೇಳದೆ ಅಣ್ಣತಮ್ಮಂದಿರು ಬರೆದುಕೊಟ್ಟ ಜಮೀನಿನ ಮೇಲೆ, ಶಾಲೆ ನಡೆಯುತ್ತಿರುವಾಗಲೇ ದಾವೆ ಬೀಳಬಹುದು. ಆ ಹೆಣ್ಣುಮಕ್ಕಳದು ತಪ್ಪಲ್ಲ. ಅವರ ಆಸ್ತಿಯನ್ನು ಅವರ ಒಪ್ಪಿಗೆ ಇಲ್ಲದೆ ದಾನ ಮಾಡುವುದು ಧರ್ಮವೂ ಅಲ್ಲ. ಅವರನ್ನೂ ಕೂಡಿಸಿ, ಕೊಡುವವರ ಸಾಲಿನಲ್ಲಿ ಅವರ ಹೆಸರನ್ನೂ ಬರೆಯಿಸಿ, ಸಹಿ ಪಡೆಯಿರಿ.

ಜಮೀನಿನ ಮೂಲವನ್ನೂ ನೋಡಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ. ಮಾಡಿದರೆ ವ್ಯವಹಾರವೇ ಅಸಿಂಧು. ವತನದ ಜಮೀನಾಗಿದ್ದರೆ ಮರುಮಂಜೂರಾತಿಯ ಆದೇಶ, ಅದರ ಶರತ್ತು ನೋಡಿ. ಗಾಯರಾಣ ಎಂದರೆ ದನಗಳ ಮೇವಿಗೆ ಮೀಸಲಾದ ಸರ್ಕಾರಿ ಭೂಮಿ, ಅದನ್ನು ಪಂಚಾಯತಿ ಠರಾವಿನಿಂದ ಯಾರಿಗೂ ಕೊಡಲು ಬರುವುದಿಲ್ಲ. ಹಳೆಯ ಉತಾರಗಳು, ಫೇರಫಾರಿನ ನಕಲು, ಋಣಭಾರ ಪ್ರಮಾಣಪತ್ರ ತೆಗೆಸಿ. ಹೊಲದ ಮೇಲೆ ಸೊಸೈಟಿಯ ಬೆಳೆಸಾಲದ ಬೋಜಾ ಇದ್ದರೆ ಮೊದಲು ಅದು ತೀರಬೇಕು.

ಕಲಘಟಗಿಯ ಗುಡ್ಡದ ಕಡೆಗೆ ಇನ್ನೊಂದು ಎಚ್ಚರ ಬೇಕು. ಹೊಲ ಮತ್ತು ಅರಣ್ಯದ ಗಡಿ ಅಲ್ಲಿ ಕಣ್ಣಿಗೆ ಒಂದೇ ಥರ ಕಾಣುತ್ತದೆ. ಅರಣ್ಯ ಭೂಮಿಯಲ್ಲಿ ಕೇಂದ್ರದ ಅನುಮತಿ ಇಲ್ಲದೆ ಕಟ್ಟಡ ಏಳುವಂತಿಲ್ಲ ಎನ್ನುವುದು 1980ರಿಂದ ಇರುವ ಕಾನೂನು. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮಿನಲ್ಲಿ ಶಾಲೆಗೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಕೊಡಲು ದಾರಿ ಇದೆ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಬೀಳಬಾರದು, ಗ್ರಾಮಸಭೆ ಶಿಫಾರಸು ಮಾಡಬೇಕು. ಆದರೆ ಆ ಸವಲತ್ತು ಸರ್ಕಾರ ನಡೆಸುವ ಶಾಲೆಗೆ ಮಾತ್ರ, ಖಾಸಗಿ ಟ್ರಸ್ಟಿಗೆ ಅನ್ವಯಿಸದು. ಆದ್ದರಿಂದ ಕಾಡಂಚಿನ ಸರ್ವೇ ನಂಬರಾದರೆ ಭೂಮಾಪಕರಿಂದ ಹದ್ದುಬಸ್ತು ಮಾಡಿಸಿ, ಅರಣ್ಯ ಇಲಾಖೆಯಿಂದ ಲಿಖಿತ ಅಭಿಪ್ರಾಯ ಪಡೆದ ಮೇಲೆಯೇ ಪಾಯ ತೋಡಿಸಿ. ನವಲಗುಂದ, ಅಣ್ಣಿಗೇರಿಯ ಕಡೆ ಚಿಂತೆ ಬೇರೆ. ಅದು ಎರಿ ನೆಲ, ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣು, ಪಾಯ ಗಟ್ಟಿ ಇಲ್ಲದಿದ್ದರೆ ಗೋಡೆ ಸೀಳುತ್ತದೆ. ಬೆಣ್ಣಿಹಳ್ಳ ಉಕ್ಕಿದರೆ ನೀರು ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ಊರ ಹಿರಿಯರನ್ನು ಕೇಳದೆ ಜಾಗ ಆರಿಸಬೇಡಿ.

ಕೃಷಿ ಜಮೀನಿನಲ್ಲಿ ಶಾಲೆ ಕಟ್ಟಬೇಕಾದರೆ ಎನ್‌ಎ, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆ, ಮಾಡಿಸಬೇಕು. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಈ ಅಧಿಕಾರ ಜಿಲ್ಲಾಧಿಕಾರಿಗಳದು. ಹೊಲದ ಒಂದು ಭಾಗ ಮಾತ್ರ ದಾನ ಬಂದಿದ್ದರೆ ಮೊದಲು ಆ ಭಾಗವನ್ನು ಬಿಡಿಸಿ ತೋರಿಸುವ 11ಇ ನಕ್ಷೆ ಆಗಬೇಕು. ಎನ್‌ಎ ಆದ ಮೇಲೆ ಗ್ರಾಮ ಪಂಚಾಯತಿಯಿಂದ ಕಟ್ಟಡ ಪರವಾನಗಿ.

ಈಗ ಶಿಕ್ಷಣ ಇಲಾಖೆ. ಇಲ್ಲಿ ಎರಡು ಕಾನೂನುಗಳು ಒಟ್ಟಿಗೆ ಅನ್ವಯಿಸುತ್ತವೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಂತೆ ಶಾಲೆಯ ನೋಂದಣಿ ಮತ್ತು ಮಾನ್ಯತೆ ಎರಡೂ ಆಗಬೇಕು. ಶಿಕ್ಷಣ ಹಕ್ಕು ಕಾಯ್ದೆಯ 18ನೇ ಕಲಮಿನಂತೆ ಮಾನ್ಯತಾ ಪತ್ರವಿಲ್ಲದೆ ಶಾಲೆ ತೆರೆದರೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಮುಂದುವರಿಸಿದರೆ ದಿನಕ್ಕೆ ಹತ್ತು ಸಾವಿರ. ಧರ್ಮಾರ್ಥ, ಫೀ ಇಲ್ಲದ ಶಾಲೆ ಎಂಬ ಕಾರಣಕ್ಕೆ ಇದರಲ್ಲಿ ವಿನಾಯಿತಿ ಇಲ್ಲ. ಇಲಾಖೆ ವರ್ಷಕ್ಕೊಮ್ಮೆ ಅರ್ಜಿ ಕರೆಯುತ್ತದೆ. ಬಿಇಓ ಕಚೇರಿಯಿಂದ ಸ್ಥಳ ಪರಿಶೀಲನೆ ಆಗಿ ಕಡತ ಧಾರವಾಡದ ಉಪನಿರ್ದೇಶಕರ ಮುಂದೆ ಹೋಗುತ್ತದೆ. ಆದೇಶ ಕೈಗೆ ಬರುವವರೆಗೆ ‘ಪ್ರವೇಶ ಆರಂಭ’ ಎಂಬ ಫಲಕ ಹಾಕಬೇಡಿ.

ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಕೇಳುವುದು ಅತಿಯಾದದ್ದೇನಲ್ಲ. ಒಂದರಿಂದ ಐದರಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು. ಆರರಿಂದ ಎಂಟರಲ್ಲಿ ತರಗತಿಗೊಬ್ಬರಾದರೂ, 35 ಮಕ್ಕಳಿಗೆ ಒಬ್ಬರಂತೆ. ಶಿಕ್ಷಕರೊಬ್ಬರಿಗೆ ಒಂದು ಕೋಣೆ, ಗಂಡು-ಹೆಣ್ಣು ಮಕ್ಕಳಿಗೆ ಬೇರೆ ಶೌಚಾಲಯ, ಕುಡಿಯುವ ನೀರು, ಆಟದ ಬಯಲು, ಕಂಪೌಂಡು ಅಥವಾ ಬೇಲಿ, ಗ್ರಂಥಾಲಯ, ಅಂಗವಿಕಲ ಮಕ್ಕಳು ತಡೆಯಿಲ್ಲದೆ ಬರುವಂಥ ದಾರಿ. ಒಂದರಿಂದ ಐದಕ್ಕೆ ವರ್ಷಕ್ಕೆ 200 ಕೆಲಸದ ದಿನ, ಆರರಿಂದ ಎಂಟಕ್ಕೆ 220. ಶಿಕ್ಷಕರು ಒಂದರಿಂದ ಐದಕ್ಕೆ ಡಿ.ಇಎಲ್.ಇಡಿ, ಆರರಿಂದ ಎಂಟಕ್ಕೆ ಡಿ.ಇಎಲ್.ಇಡಿ ಅಥವಾ ಬಿ.ಇಡಿ ಮಾಡಿರಬೇಕು, ಜೊತೆಗೆ ಟಿಇಟಿ ಪಾಸಾಗಿರಬೇಕು. ಪಿಯುಸಿ ಮುಗಿಸಿದ ಊರ ಹುಡುಗಿಯನ್ನು ಎರಡು ಸಾವಿರಕ್ಕೆ ಇಟ್ಟುಕೊಂಡು ಸೇವೆ ಎನ್ನುವುದು ಮಕ್ಕಳಿಗೂ ಅವಳಿಗೂ ಮಾಡುವ ಅನ್ಯಾಯ.

ಕಟ್ಟಡ ಸುರಕ್ಷತೆಯ ಪ್ರಮಾಣಪತ್ರ, ಅಗ್ನಿಶಾಮಕ ಇಲಾಖೆಯ ಪತ್ರ ಕೇಳಿದಾಗ ಕಿರಿಕಿರಿ ಎನ್ನುವವರು 2004ರ ಜುಲೈ 16ನ್ನು ನೆನಪಿಡಬೇಕು. ತಮಿಳುನಾಡಿನ ಕುಂಭಕೋಣಂನ ಶಾಲೆಯಲ್ಲಿ ಅಡುಗೆಮನೆಯ ಬೆಂಕಿ ಗರಿಯ ಮಾಡಿಗೆ ಹತ್ತಿ 94 ಮಕ್ಕಳು ಸುಟ್ಟುಹೋದರು. ಆ ಮೇಲೆ 2009ರಲ್ಲಿ ಸುಪ್ರೀಂ ಕೋರ್ಟ್, ಶಿಕ್ಷಣದ ಹಕ್ಕಿನೊಳಗೆ ಸುರಕ್ಷಿತ ಶಾಲೆಯ ಹಕ್ಕೂ ಸೇರಿದೆ ಎಂದಿತು. ಅಡುಗೆಮನೆ ತರಗತಿಯಿಂದ ದೂರವಿರಲಿ, ಪ್ರತಿ ಕೋಣೆಯ ಬಾಗಿಲು ಸುಲಭವಾಗಿ ತೆರೆಯಲಿ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಕೋಣೆಗಳ ಸಂಖ್ಯೆ ಕಡಿಮೆ ಮಾಡಿ, ಗಟ್ಟಿತನವನ್ನಲ್ಲ.

ಮಾಧ್ಯಮ ಯಾವುದು ಎಂಬುದರಲ್ಲಿ 2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಪಾಲಕರ, ಶಾಲೆಯ ಆಯ್ಕೆಗೆ ಮಾನ್ಯತೆ ಇದೆ. ಆದರೆ 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯಂತೆ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಲೇಬೇಕು. ಅರ್ಜಿಯಲ್ಲಿ ಬರೆದ ಮಾಧ್ಯಮದಲ್ಲೇ ಪಾಠ ನಡೆಯಲಿ.

ಹಣದ ಮಾತು. ಆದಾಯ ತೆರಿಗೆ ವಿನಾಯಿತಿಗೆ ಮತ್ತು ದಾನಿಗಳಿಗೆ ರಿಯಾಯಿತಿ ಸಿಗಲು ಬೇಕಾದ ನೋಂದಣಿಗಳನ್ನು ಜನ 12ಎ, 80ಜಿ ಎನ್ನುತ್ತಾರೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯ ದಿನ 2026ರ ಏಪ್ರಿಲ್ 1. ಅದರಲ್ಲಿ ಕಲಮುಗಳ ಸಂಖ್ಯೆ ಬೇರೆ, ಲೆಕ್ಕಪರಿಶೋಧಕರನ್ನು ಕೇಳಿಕೊಳ್ಳಿ. ಪರದೇಶದ ಪೌರತ್ವ ಪಡೆದವರ ದುಡ್ಡು 2010ರ ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಟ್ರಸ್ಟಿನ ಖಾತೆಗೆ ಬರಕೂಡದು, ಕೊಡುವವರು ಹುಟ್ಟಿದ್ದು ಅಣ್ಣಿಗೇರಿಯಲ್ಲೇ ಆಗಿದ್ದರೂ ಸರಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ದುಬೈಯಲ್ಲಿ ದುಡಿಯುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ಸರ್ಕಾರದ ಅನುದಾನ ಮುಂದೆ ಬಂದೀತು ಎಂಬ ನಂಬಿಕೆಯ ಮೇಲೆ ಶಾಲೆ ತೆರೆಯಬೇಡಿ.

ಶಾಲೆ ನಡೆಯತೊಡಗಿದ ಮೇಲೆ ಪಾಲಕರ ಕೈಯಲ್ಲೂ ಹಕ್ಕುಗಳಿವೆ. ಡೊನೇಶನ್ ಕೇಳುವಂತಿಲ್ಲ, ಕೇಳಿದರೆ ಆ ಮೊತ್ತದ ಹತ್ತು ಪಟ್ಟಿನವರೆಗೆ ದಂಡ. ಪ್ರವೇಶಕ್ಕೆ ಮಗುವಿಗೂ ಪಾಲಕರಿಗೂ ಪರೀಕ್ಷೆ, ಸಂದರ್ಶನ ಮಾಡುವಂತಿಲ್ಲ. ಜನನ ಪ್ರಮಾಣಪತ್ರ ಇಲ್ಲವೆಂದು, ಟಿಸಿ ತಡವಾಯಿತೆಂದು ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ. ಕಬ್ಬು ಕಡಿಯಲು, ಇಟ್ಟಂಗಿ ಭಟ್ಟಿಗೆಂದು ಗುಳೆ ಹೋಗಿ ಬರುವ ಮನೆಯವರಿಗೆ ಈ ಕೊನೆಯ ಹಕ್ಕು ಬಹಳ ದೊಡ್ಡದು. ಹೊಡೆಯುವುದು, ಮನಸ್ಸಿಗೆ ನೋವಾಗುವಂತೆ ಹಂಗಿಸುವುದು ಎರಡೂ ನಿಷಿದ್ಧ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯಂತೆ ಕಡ್ಡಾಯ. ಸಂಸ್ಥೆಯ ಹೆಸರು ಕೆಡುತ್ತದೆಂದು ಮುಚ್ಚಿಟ್ಟ ಮುಖ್ಯಸ್ಥರಿಗೆ ಜೈಲು ಶಿಕ್ಷೆಯಿದೆ.

ಅರ್ಜಿ ಕಚೇರಿಯಲ್ಲಿ ಕೂತುಬಿಟ್ಟರೆ ಮೊದಲು ಸ್ವೀಕೃತಿ ಪತ್ರ ಹಿಡಿದು ಕೇಳಿ, ಸಕಾಲ ಪಟ್ಟಿಯಲ್ಲಿರುವ ಸೇವೆಯಾದರೆ ಸಕಾಲ ಸಂಖ್ಯೆ ಪಡೆಯಿರಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಕಡತದ ಟಿಪ್ಪಣಿ ಹಾಳೆಗಳ ನಕಲು ಕೇಳಿದರೆ, ಎಲ್ಲಿ ನಿಂತಿದೆ, ಏಕೆ ನಿಂತಿದೆ ಎಂಬುದು 30 ದಿನದೊಳಗೆ ತಿಳಿಯಬೇಕು. ಮಾನ್ಯತೆ ನಿರಾಕರಿಸಿದರೆ ಕಾರಣ ಬರೆದ ಆದೇಶವನ್ನೇ ಕೇಳಿ ಪಡೆಯಿರಿ, ಮೇಲ್ಮನವಿಗೆ ಅದೇ ಆಧಾರ. ಅಲ್ಲಿಯೂ ನ್ಯಾಯ ಸಿಗದಿದ್ದರೆ ರಿಟ್ ಅರ್ಜಿಗಾಗಿ ಬೆಂಗಳೂರಿಗೆ ಹೋಗಬೇಕಾಗಿಲ್ಲ. 2013ರಿಂದ ಹೈಕೋರ್ಟಿನ ಕಾಯಂ ಪೀಠ ಧಾರವಾಡದಲ್ಲೇ ಇದೆ. ಪಾಲಕರಲ್ಲಿ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಆದಾಯ ಎಷ್ಟೇ ಇದ್ದರೂ ತಾಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರನ್ನು ಪಡೆಯಬಹುದು. ಸಮಿತಿ ಇರುವುದು ತಾಲೂಕಿನ ನ್ಯಾಯಾಲಯದ ಆವರಣದಲ್ಲಿ, ಸಹಾಯವಾಣಿ ಸಂಖ್ಯೆ 15100.