ಹಳೆಯ ಜೀಪಿನ ಟ್ರಾನ್ಸ್‌ಫರ್ ಕೇಸ್: ಎಣ್ಣೆಯ ಎಚ್ಚರ

ಮಹೀಂದ್ರ ಸಂಸ್ಥೆಯು ಭಾರತದಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆಯನ್ನು ಆರಂಭಿಸಿತು. ಆ ಮಾದರಿಯ ಜೀಪುಗಳಲ್ಲಿ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಹಾಗೂ ಮುಂದಿನ ಚಕ್ರಗಳಿಗೆ ಹಂಚುವ ಅಂಗವೇ ಟ್ರಾನ್ಸ್‌ಫರ್ ಕೇಸ್. ನಾಲ್ಕು ಚಕ್ರಗಳ ಚಾಲನೆಯನ್ನು ಬಳಸದಿದ್ದರೂ ವಾಹನವು ಚಲಿಸುವಾಗಲೆಲ್ಲ ಇದರ ಹಲ್ಲುಚಕ್ರಗಳು ತಿರುಗುತ್ತಲೇ ಇರುತ್ತವೆ. ಆದುದರಿಂದ ಜಯನಗರ, ಬನಶಂಕರಿಗಳ ಡಾಂಬರು ರಸ್ತೆಗಳಲ್ಲಷ್ಟೇ ಓಡುವ ಜೀಪಿಗೂ ಇಲ್ಲಿ ಎಣ್ಣೆ ಅನಿವಾರ್ಯ.

ಎಣ್ಣೆಯು ಸಾಮಾನ್ಯವಾಗಿ ಸವೆದ ಸೀಲುಗಳ ಮೂಲಕ ಸೋರುತ್ತದೆ. ಗಾಳಿರಂಧ್ರವು ಕಟ್ಟಿಕೊಂಡರೆ ಒಳಗಿನ ಒತ್ತಡವೇರಿ ಸೋರಿಕೆ ಅಧಿಕವಾಗುತ್ತದೆ. ಕೈಬ್ರೇಕಿನ ಡ್ರಮ್ಮು ಇದರ ಹಿಂಬದಿಯಲ್ಲೇ ಇರುವುದರಿಂದ, ಸೋರಿದ ಎಣ್ಣೆಯು ಲೈನಿಂಗನ್ನು ತೊಯಿಸಿದರೆ ಇಳಿಜಾರಿನಲ್ಲಿ ನಿಲ್ಲಿಸಿದ ವಾಹನವು ಜಾರುವ ಅಪಾಯವುಂಟು.

ಪರೀಕ್ಷಿಸುವಾಗ ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಣ್ಣೆ ತುಂಬುವ ಬಿರಡೆಯನ್ನು ಬಿಚ್ಚಬೇಕು. ಎಣ್ಣೆಯು ಆ ರಂಧ್ರದ ಕೆಳಗಿನ ಅಂಚಿನವರೆಗೆ ಇರಬೇಕು. ಗೇರ್‌ಬಾಕ್ಸಿಗೂ ಇದಕ್ಕೂ ನಡುವೆ ಎಣ್ಣೆ ಹರಿಯಬಹುದಾದ್ದರಿಂದ ಎರಡರ ಮಟ್ಟವನ್ನೂ ನೋಡತಕ್ಕದ್ದು. ಹಾಲಿನಂತೆ ಬೆಳ್ಳಗಾದ ಎಣ್ಣೆಯು ನೀರು ಸೇರಿದುದರ ಸೂಚನೆ. ಲೋಹದ ಚೂರುಗಳು ಬೇರಿಂಗು ಅಥವಾ ಹಲ್ಲುಗಳ ಸವೆತದ ಸೂಚನೆ. ಎಣ್ಣೆಯನ್ನು ತುಂಬಿಸಿದರಷ್ಟೇ ಸಾಲದು. ಸೀಲನ್ನು ಬದಲಿಸಿ, ಗಾಳಿರಂಧ್ರವನ್ನು ಶುಚಿಗೊಳಿಸಿ ಸೋರಿಕೆಯ ಕಾರಣವನ್ನೇ ನಿವಾರಿಸಬೇಕು.

ಕಣ್ಣಿಗೆ ಕಾಣದ ಅಂಗದ ಆರೈಕೆಯೂ ಕಾಯಕವೇ ಸರಿ.