ಹತ್ತು ನಿಮಿಷ ಓಡಿ ನಿಲ್ಲುವ ಎಂಜಿನ್: ‘ದಹನ ಮತ್ತು ಜ್ವಾಲೆ’ ಪಾಠದ ಒಂದು ಅನುಭವ

ತರಗತಿ: 8. ವಿಷಯ: ವಿಜ್ಞಾನ. ಅವಧಿ: 40 ನಿಮಿಷಗಳ ಎರಡು ಪಾಠಗಳು.

ಬೋಧನಾಭ್ಯಾಸಕ್ಕೆ ನನ್ನನ್ನು ನಿಯೋಜಿಸಿದ್ದು ಕುಂದಾಪುರ ಕಡೆಯ ಕಡಲತೀರದ ಒಂದು ಪ್ರೌಢಶಾಲೆಗೆ. ಜುಲೈ ತಿಂಗಳು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳಿಗೆ ಕಡಲು ಬಂದ್. 10 ಅಶ್ವಶಕ್ತಿಯೊಳಗಿನ ಎಂಜಿನ್ ಕಟ್ಟಿದ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಮಳೆಗಾಲದ ಈ ಎರಡು ತಿಂಗಳೇ ಅವರ ದುಡಿಮೆಯ ಕಾಲ. ನನ್ನ ತರಗತಿಯ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಅಂಥ ಮನೆಗಳವರು ಎಂಬುದು ನನಗೆ ಹಾಜರಿ ಪುಸ್ತಕದಿಂದ ತಿಳಿದಿತ್ತು. ಅಷ್ಟನ್ನೇ ‘ಮಕ್ಕಳ ಹಿನ್ನೆಲೆ’ ಎಂದು ಪಾಠಯೋಜನೆಯಲ್ಲಿ ಬರೆದುಕೊಂಡಿದ್ದೆ.

ಮೊದಲ ಪಾಠ ಸುಗಮವಾಗಿಯೇ ನಡೆಯಿತು. ಉರಿಯುವ ಮೇಣದಬತ್ತಿಯ ಮೇಲೆ ಗಾಜಿನ ಲೋಟ ಮುಚ್ಚಿದ್ದು, ಕಾಗದದ ಬಟ್ಟಲಲ್ಲಿ ನೀರು ಕಾಯಿಸಿದ್ದು, ಎಲ್ಲವೂ ಯೋಜನೆಯಂತೆ. ದಹನಕ್ಕೆ ಇಂಧನ, ಗಾಳಿ, ಜ್ವಲನ ತಾಪ ಬೇಕು ಎಂದು ಮಕ್ಕಳೇ ಹೇಳಿದರು. ಅನ್ವಯದ ಹಂತದಲ್ಲಿ ಎಂಜಿನಿನ ಮಾತು ಬಂತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಟೀಚರ್, ನಮ್ಮ ಅಪ್ಪಯ್ಯನ ದೋಣಿ ಎಂಜಿನ್ ಹತ್ತ್ ನಿಮಿಷ ಓಡಿ ನಿಲ್ತ್. ಎಂತಕ್ಕೆ?” ಎಂದ.

ಗಂಟೆ ಹೊಡೆಯಲು ಐದು ನಿಮಿಷವಿತ್ತು. ನನ್ನ ಸ್ಕೂಟರಿಗೆ ಹಿಂದಿನ ವರ್ಷ ಪ್ಲಗ್ ಬದಲಿಸಿದ ನೆನಪು ಬಂತು. ಕಿಡಿ ಸರಿಯಾಗಿ ಬರುತ್ತಿಲ್ಲ, ಸ್ಪಾರ್ಕ್ ಪ್ಲಗ್ ಹೋಗಿರಬೇಕು, ಅಂದರೆ ಜ್ವಲನ ತಾಪ ಸಿಗುತ್ತಿಲ್ಲ ಎಂದೆ. ಉತ್ತರ ಪಾಠಕ್ಕೆ ಎಷ್ಟು ಚೆನ್ನಾಗಿ ಹೊಂದಿಕೊಂಡಿತು ಎಂದರೆ, ಆ ಸಂಜೆ ಸ್ವಮೌಲ್ಯಮಾಪನದಲ್ಲಿ ‘ಅನ್ವಯ ಹಂತ ಯಶಸ್ವಿ’ ಎಂದು ಬರೆದೆ.

ಮೂರು ದಿನ ಬಿಟ್ಟು ಆ ಹುಡುಗ ವರಾಂಡದಲ್ಲಿ ಸಿಕ್ಕಿದ. “ಪ್ಲಗ್ ಎರಡೂ ಬದ್ಲ್ ಮಾಡಿ ಆಯ್ತ್ ಟೀಚರ್. ಆದ್ರೂ ನಿಲ್ತ್.” ಈ ಸಲ ಎಂಜಿನ್ ನಿಂತದ್ದು ಅಳಿವೆಯ ಬಾಯಲ್ಲಿ. ಹೊಳೆ ಕಡಲಿಗೆ ಸೇರುವ ಆ ಜಾಗದಲ್ಲಿ ಮಳೆಗಾಲದ ಅಲೆಗಳು ಒಡೆಯುತ್ತವೆ. ಓಟ ತಪ್ಪಿದ ದೋಣಿ ಅಲೆಗೆ ಅಡ್ಡ ತಿರುಗಿದರೆ ಮಗುಚುತ್ತದೆ. ಇನ್ನೊಂದು ದೋಣಿಯವರು ಹಗ್ಗ ಎಸೆದು ಎಳೆದು ತಂದರಂತೆ. ಹುಡುಗ ಇದನ್ನು ದೂರಾಗಿ ಹೇಳಲಿಲ್ಲ, ಸುದ್ದಿಯಂತೆ ಹೇಳಿದ. ಸಿಬ್ಬಂದಿ ಕೊಠಡಿಯಲ್ಲಿ ಒಬ್ಬರು, ಅವರು ಹೇಗೂ ಪ್ಲಗ್ ಬದಲಿಸುತ್ತಿದ್ದರು, ನೀವು ಯಾಕೆ ತಲೆಗೆ ಹಚ್ಚಿಕೊಳ್ಳುತ್ತೀರಿ ಎಂದರು. ಇರಬಹುದು. ಆದರೆ ಎಂಜಿನ್ ಸರಿಯಾಯಿತು ಎಂದು ನಂಬಿ ಅವರು ಮರುದಿನವೇ ಅಳಿವೆ ದಾಟಲು ಹೊರಟದ್ದರಲ್ಲಿ ‘ಟೀಚರ್ ಹೇಳಿದ್ದು’ ಎಂಬುದರ ಪಾಲೂ ಇತ್ತು.

ನಮ್ಮ ಮಾರ್ಗದರ್ಶಕ ಉಪನ್ಯಾಸಕರ ಬಳಿ ಹೇಳಿಕೊಂಡಾಗ ಅವರು ಕೇಳಿದ್ದು ಒಂದೇ: ಉತ್ತರ ಕೊಡುವ ಮೊದಲು ಆ ಹುಡುಗನಿಗೆ ಎಷ್ಟು ಪ್ರಶ್ನೆ ಕೇಳಿದಿರಿ? ಒಂದೂ ಇಲ್ಲ.

ಎರಡನೆಯ ಪಾಠವನ್ನು ಅಲ್ಲಿಂದ ಕಟ್ಟಿದೆ. ಹುಡುಗನ ಒಪ್ಪಿಗೆ ಪಡೆದು, ಅವನನ್ನು ಮುಂದೆ ಕೂರಿಸಿ, ಕಾರಣ ಹೇಳಬಾರದು, ಪ್ರಶ್ನೆ ಮಾತ್ರ ಕೇಳಬೇಕು ಎಂದು ತರಗತಿಗೆ ನಿಯಮ ಹಾಕಿದೆ. ನಿಯಮವನ್ನು ಮೊದಲು ಮುರಿಯಲು ಹೊರಟವಳು ನಾನೇ.

ಮಕ್ಕಳ ಪ್ರಶ್ನೆಗಳು ನನ್ನವಕ್ಕಿಂತ ಚುರುಕಾಗಿದ್ದವು. ಎಂಜಿನಿನಿಂದ ತಂಪಿನ ನೀರು ಚಿಮ್ಮುತ್ತದಾ? ಚಿಮ್ಮುತ್ತದೆ. ಪೆಟ್ರೋಲಿನಲ್ಲಿ ಚಾಲೂ ಮಾಡಿ ಸೀಮೆಎಣ್ಣೆಗೆ ತಿರುಗಿಸಿದ ಕೂಡಲೇ ನಿಲ್ಲುತ್ತದಾ? ಇಲ್ಲ, ತಿರುಗಿಸಿ ಹತ್ತು ನಿಮಿಷದ ಮೇಲೆ. ತಟ್ಟನೆ ನಿಲ್ಲುತ್ತದಾ, ಸೊರಗಿ ನಿಲ್ಲುತ್ತದಾ? ಸೊರಗಿ, ಉಸಿರು ಕಟ್ಟಿದ ಹಾಗೆ. ಮತ್ತೆ ಚಾಲೂ ಆಗುತ್ತದಾ? ಸ್ವಲ್ಪ ಹೊತ್ತು ಬಿಟ್ಟರೆ ಆಗುತ್ತದೆ. ಒಬ್ಬ ಹುಡುಗಿ ಕೇಳಿದ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ: ಹೋಗುವಾಗ ಬೇಗ ನಿಲ್ಲುತ್ತದಾ, ಬರುವಾಗಲಾ? ಹುಡುಗ ಯೋಚಿಸಿ, ಹೋಗುವಾಗ ಎಂದ. ಬರುವಾಗ ಹೆಚ್ಚು ಹೊತ್ತು ಓಡುತ್ತದೆ.

ಈಗ ಕಾರಣಗಳ ಸರದಿ. ಸೀಮೆಎಣ್ಣೆಯಲ್ಲಿ ನೀರು ಸೇರಿರಬಹುದು ಎಂದರು ಕೆಲವರು. ನೀರು ಭಾರ, ತಳಕ್ಕಿಳಿಯುತ್ತದೆ, ಎಂಜಿನಿಗೆ ಎಣ್ಣೆ ಹೋಗುವ ಕೊಳವೆ ಇರುವುದೂ ತಳದಲ್ಲೇ. ಆದರೆ ಹಾಗಿದ್ದರೆ ಸುಮ್ಮನೆ ಬಿಟ್ಟ ಮಾತ್ರಕ್ಕೆ ಮತ್ತೆ ಹತ್ತು ನಿಮಿಷ ಓಡುವುದೇಕೆ? ಕಿಡಿ ಕೊಡುವ ಕಾಯಿಲ್ ಬಿಸಿಯಾಗಿ ಕೈಕೊಡುತ್ತಿರಬಹುದು ಎಂದು ನಾನೇ ಸೇರಿಸಿದೆ. ಅದೂ ಬಿಸಿಯಾದಾಗ ನಿಂತು ತಣಿದ ಮೇಲೆ ಓಡುವ ದೋಷ. ಮೂರನೆಯದು, ಎಣ್ಣೆ ಬರುವ ದಾರಿಯಲ್ಲಿ ತಡೆ. ಹೀಗೆ ಹತ್ತು ನಿಮಿಷದ ಲೆಕ್ಕಕ್ಕೆ ಎರಡು ಕಾರಣಗಳು ಸಮನಾಗಿ ಹೊಂದುತ್ತಿದ್ದವು. ಅವನ್ನು ಬೇರ್ಪಡಿಸುವ ಪರೀಕ್ಷೆ ಯಾವುದು ಎಂಬುದೇ ಪಾಠದ ನಡುಭಾಗವಾಯಿತು. ಪಾಠಯೋಜನೆಯಲ್ಲಿ ಇದಕ್ಕೆ ನಾನು ಎಂಟು ನಿಮಿಷ ಇಟ್ಟಿದ್ದೆ, ಇಪ್ಪತ್ತು ಹಿಡಿಯಿತು.

ಪರೀಕ್ಷೆ ಸೂಚಿಸಿದವನು ಆ ಹುಡುಗನೇ. ಟ್ಯಾಂಕಿನಿಂದ ಎಂಜಿನಿಗೆ ಹೋಗುವ ಕೊಳವೆಯ ನಡುವೆ ಕೈಯಲ್ಲಿ ಹಿಂಡುವ ರಬ್ಬರ್ ಉಂಡೆಯೊಂದಿದೆ, ಹುಡುಗರ ಮಾತಿನಲ್ಲಿ ‘ಪಂಪು’. ಎಂಜಿನ್ ಸೊರಗುವಾಗ ಅದನ್ನು ಹಿಂಡಿದರೆ? ಹಿಂಡಿದಾಗ ಚೇತರಿಸಿಕೊಂಡರೆ ಎಂಜಿನಿಗೆ ಎಣ್ಣೆ ಸಾಲುತ್ತಿಲ್ಲ ಎಂದಾಯಿತು. ಉಂಡೆ ಗಟ್ಟಿಯಾಗಿಯೇ ಇದ್ದು ಎಂಜಿನ್ ನಿಂತರೆ ಎಣ್ಣೆ ಅಲ್ಲಿವರೆಗೆ ಬಂದಿದೆ, ದೋಷ ಮುಂದೆ ಇದೆ. ಉಂಡೆ ಒಳಕ್ಕೆ ಸೆಳೆದುಕೊಂಡು ಚಪ್ಪಟೆಯಾಗಿದ್ದರೆ ತಡೆ ಅದರ ಹಿಂದೆ, ಟ್ಯಾಂಕಿನ ಕಡೆ.

ಟ್ಯಾಂಕಿನ ಕಡೆ ಏನಿರಬಹುದು ಎಂದು ತೋರಿಸಲು ಪ್ಲಾಸ್ಟಿಕ್ ಬಾಟಲಿಯ ಬುಡದ ಬದಿಗೆ ಸಣ್ಣ ತೂತು ಮಾಡಿ ತಂದಿದ್ದೆ. ನೀರು ತುಂಬಿ ಮುಚ್ಚಳ ಬಿಗಿದರೆ ಧಾರೆ ಸ್ವಲ್ಪದರಲ್ಲೇ ನಿಲ್ಲುತ್ತದೆ. ಮುಚ್ಚಳ ಸಡಿಲಿಸಿದರೆ ಮತ್ತೆ ಹರಿಯುತ್ತದೆ. ಅರ್ಧ ತುಂಬಿದ ಬಾಟಲಿಯಲ್ಲಿ ನಿಲ್ಲುವ ಮೊದಲು ಹೆಚ್ಚು ನೀರು ಹೋಗುತ್ತದೆ. ಮೇಲಿನ ಗಾಳಿ ಹೆಚ್ಚಿದ್ದಷ್ಟೂ ಅದು ಹಿಗ್ಗಿ ಕೊಡುವ ಜಾಗ ಹೆಚ್ಚು; ಒಳಗಿನ ಒತ್ತಡ ಇಳಿಯಲು ಹೊತ್ತು ಹಿಡಿಯುತ್ತದೆ. ಇದನ್ನು ಕಂಡ ಕೂಡಲೇ ಮೂರನೆಯ ಬೆಂಚಿನಿಂದ ಕೂಗು ಬಂತು: ಹೋಗುವಾಗ ಟ್ಯಾಂಕ್ ತುಂಬಿರುತ್ತದೆ, ಅದಕ್ಕೇ ಬೇಗ ನಿಲ್ಲುತ್ತದೆ! ಕಾಯಿಲ್ ಬಿಸಿಯಾಗುವುದಕ್ಕೆ ಟ್ಯಾಂಕ್ ತುಂಬಿದೆಯೋ ಖಾಲಿಯೋ ಗೊತ್ತಾಗುವುದಿಲ್ಲವಲ್ಲ. ಆ ಹುಡುಗಿಯ ಪ್ರಶ್ನೆಯ ಬೆಲೆ ನನಗೆ ತಿಳಿದದ್ದು ಆಗ.

ಟ್ಯಾಂಕಿನ ಮುಚ್ಚಳದ ಮೇಲೆ ಗಾಳಿ ಒಳಬರಲು ಒಂದು ತಿರುಪು ಇರುತ್ತದೆ, ಓಡಿಸುವಾಗ ಅದು ಸಡಿಲವಾಗಿರಬೇಕು. ಅದು ಹೇಗಿದೆ ಎಂದು ಕೇಳಿದಾಗ ಹುಡುಗ ತಲೆ ಕೆರೆದುಕೊಂಡ. ಜೂನಿನಲ್ಲಿ ಒಮ್ಮೆ ಮಳೆನೀರು ಟ್ಯಾಂಕಿಗೆ ಇಳಿದು ಎಂಜಿನ್ ಕೆಟ್ಟಿತ್ತಂತೆ. ಅಂದಿನಿಂದ ಅಪ್ಪಯ್ಯ ಅದನ್ನು ಬಿಗಿದೇ ಇಡುತ್ತಾರೆ.

ಈ ಸಲ ಮನೆಗೆ ಉತ್ತರ ಕಳಿಸಲಿಲ್ಲ. ಒಂದು ಚೀಟಿಯಲ್ಲಿ ಎರಡು ಪರೀಕ್ಷೆ ಬರೆದುಕೊಟ್ಟೆ: ದೋಣಿಯನ್ನು ಹೊಳೆಯೊಳಗೆ ದಡಕ್ಕೆ ಕಟ್ಟಿ, ಟ್ಯಾಂಕ್ ತುಂಬಿಸಿ, ಎಂಜಿನ್ ಸೊರಗುವವರೆಗೆ ಓಡಿಸಿ ಉಂಡೆ ನೋಡುವುದು, ಬಳಿಕ ಬೇರೇನನ್ನೂ ಮುಟ್ಟದೆ ತಿರುಪನ್ನಷ್ಟೇ ಸಡಿಲಿಸುವುದು. ದೊಡ್ಡವರೇ ಮಾಡಬೇಕು, ಹತ್ತಿರ ಬೀಡಿ ಬೇಡ ಎಂದೂ ಸೇರಿಸಿದೆ. ಎರಡು ದಿನದ ಮೇಲೆ ಅದೇ ಚೀಟಿಯ ಹಿಂಬದಿಯಲ್ಲಿ ಹುಡುಗನ ಅಕ್ಷರದಲ್ಲಿ ವರದಿ ಬಂತು. ಉಂಡೆ ಚಪ್ಪಟೆ. ತಿರುಪು ಸಡಿಲಿಸುವಾಗ ‘ಸುಸ್’ ಎಂದು ಗಾಳಿ ಒಳಹೋದ ಸದ್ದು. ಆಮೇಲೆ ಮುಕ್ಕಾಲು ಗಂಟೆ ಓಡಿದೆ, ನಿಂತಿಲ್ಲ.

ಸಹಪ್ರಶಿಕ್ಷಣಾರ್ಥಿಗಳಿಗೆ ಒಂದು ವಿಷಯ. ನಾನು ಕಲಿಸುತ್ತಿದ್ದುದು ದಹನ. ಉತ್ತರ ಇದ್ದದ್ದು ಅದೇ ಪುಸ್ತಕದ ‘ಬಲ ಮತ್ತು ಒತ್ತಡ’ ಘಟಕದಲ್ಲಿ, ವಾಯುಮಂಡಲದ ಒತ್ತಡ ಹೇಳುವಲ್ಲಿ. ಅದನ್ನು ತರಗತಿ ಇನ್ನೂ ಮುಟ್ಟಿರಲಿಲ್ಲ. ಘಟಕ ಪರೀಕ್ಷೆಗೆ ಬೇಕಾದ ಜ್ವಾಲೆಯ ವಲಯಗಳು ನನ್ನಿಂದ ಉಳಿದೇ ಹೋದವು. ಮುಂದಿನ ವಾರ ತರಗತಿಯ ಶಿಕ್ಷಕಿಯೇ ಮುಗಿಸಿಕೊಟ್ಟರು. ವೀಕ್ಷಣಾ ಪುಸ್ತಕದಲ್ಲಿ ‘ಸಮಯ ಪಾಲನೆ: ಸಾಧಾರಣ’ ಎಂದು ಬಂದಿದೆ, ಅದು ಸರಿಯೇ.

ತಿರುಪು ತೆರೆದರೆ ಮಳೆನೀರು ಇಳಿಯುತ್ತದೆ, ಮುಚ್ಚಿದರೆ ಎಂಜಿನ್ ನಿಲ್ಲುತ್ತದೆ ಎಂಬ ಇಕ್ಕಟ್ಟು ಹಾಗೆಯೇ ಇತ್ತು. ಮಕ್ಕಳು ನೋಟುಪುಸ್ತಕದ ಕೊನೆಯ ಪುಟಗಳಲ್ಲಿ ಟ್ಯಾಂಕಿಗೆ ನಾನಾ ಬಗೆಯ ಕೊಡೆ ಬರೆದರು. ಕೊನೆಗೆ ಆ ಮನೆಯವರು ಒಡೆದ ಪ್ಲಾಸ್ಟಿಕ್ ಬಕೆಟೊಂದನ್ನು ಕತ್ತರಿಸಿ, ಗಾಳಿಯಾಡುವಂತೆ ಅಡಿಯಲ್ಲಿ ಸಂದು ಬಿಟ್ಟು, ಟ್ಯಾಂಕಿನ ಮೇಲೆ ಕವುಚಿ ಹಗ್ಗದಿಂದ ಕಟ್ಟಿದ್ದಾರೆ.