ಮರುಭೂಮಿಯಲ್ಲೂ ಮೇವು ಕೊಡುವ ಬನ್ನಿ



ಬರ ಬಂದ ವರ್ಷ ಮೇವಿಲ್ಲದೆ ಕರೆಯುವ ಹಸುವನ್ನೇ ಸಂತೆಗೆ ಹೊಡೆಯಬೇಕಾಗುತ್ತದೆ. ಹಾಗಾದರೆ ಮರುಭೂಮಿಯಲ್ಲಿ ದನ ಹೇಗೆ ಉಳಿಯುತ್ತವೆ? ರಾಜಸ್ಥಾನದ ಥಾರ್ ಮರುಭೂಮಿಯಲ್ಲಿ ಅವಕ್ಕೆ ಆಸರೆಯಾಗಿರುವ ಮರ ಬೇರಾವುದೂ ಅಲ್ಲ, ದಸರೆಯಲ್ಲಿ ನಾವು ಪೂಜಿಸುವ ಬನ್ನಿ. ಅಲ್ಲಿ ಅದಕ್ಕೆ ಖೇಜ್ರಿ ಎನ್ನುತ್ತಾರೆ.

ಜೈಸಲ್ಮೇರ್ ಕಡೆ ವರ್ಷಕ್ಕೆ 200 ಮಿ.ಮೀ. ಮಳೆಯೂ ಸರಿಯಾಗಿ ಆಗುವುದಿಲ್ಲ, ಬಿಸಿಲು 45 ಡಿಗ್ರಿ ದಾಟುತ್ತದೆ. ಬೇರು ಬಹಳ ಆಳಕ್ಕೆ ಇಳಿಯುವುದರಿಂದ ಹುಲ್ಲೆಲ್ಲ ಒಣಗಿದ ಬೇಸಿಗೆಯಲ್ಲೇ ಬನ್ನಿ ಚಿಗುರುತ್ತದೆ. ಚಳಿಗಾಲದಲ್ಲಿ ಅಲ್ಲಿಯವರು ರೆಂಬೆ ಸವರಿ, ಎಲೆ ಒಣಗಿಸಿ ಕೂಡಿಡುತ್ತಾರೆ. ಈ ಒಣ ಎಲೆಗೆ ‘ಲೂಂಗ್’ ಎಂದು ಹೆಸರು. ಎಳೆಕಾಯಿ ‘ಸಾಂಗ್ರಿ’ ಮನೆಯ ಪಲ್ಯಕ್ಕೆ. ಮರದ ಕೆಳಗೆ ಸಜ್ಜೆಯೂ ಚೆನ್ನಾಗಿ ಬರುತ್ತದೆ, ಹಾಗಾಗಿ ಹೊಲದ ನಡುವೆ ಇದ್ದರೂ ಕಡಿಯುವುದಿಲ್ಲ. 1730ರಲ್ಲಿ ಜೋಧಪುರದ ಬಳಿಯ ಖೇಜಡ್ಲಿಯಲ್ಲಿ ರಾಜನ ಆಳುಗಳು ಈ ಮರ ಕಡಿಯಲು ಬಂದಾಗ, ಅಮೃತಾದೇವಿ ಎಂಬ ಬಿಷ್ಣೋಯಿ ಹೆಣ್ಣುಮಗಳು ಮರವನ್ನು ಅಪ್ಪಿ ನಿಂತು ಪ್ರಾಣ ಕೊಟ್ಟಳು. ಅವಳ ಹಿಂದೆ ಒಟ್ಟು 363 ಜನ ಸತ್ತರೆಂದು ಬಿಷ್ಣೋಯಿಗಳು ಇಂದಿಗೂ ನೆನೆಯುತ್ತಾರೆ.

ಒಣ ಎಲೆಯಲ್ಲಿ ಸುಮಾರು ಶೇ. 12ರಿಂದ 15ರಷ್ಟು ಪ್ರೋಟೀನ್ ಇದೆ, ಜೋಳದ ಕಣಿಕೆಗಿಂತ ಎಷ್ಟೋ ಹೆಚ್ಚು. ಆದರೆ ಎಲೆ ಒಗರು. ಒಗರು ಹೆಚ್ಚಾದರೆ ಆ ಪ್ರೋಟೀನ್ ಹಸುವಿಗೆ ಪೂರ್ತಿ ದಕ್ಕದು. ಆದ್ದರಿಂದ ಬರೀ ಬನ್ನಿ ಎಲೆ ಹಾಕಬೇಡಿ. ಕಣಿಕೆಯೊಂದಿಗೆ ಬೆರೆಸಿ, ಮೊದಲ ವಾರ ಒಂದೆರಡು ಹಿಡಿಯಿಂದ ಶುರುಮಾಡಿ.

ಬಳ್ಳಾರಿ ಜಾಲಿಯೂ ಇದರ ಬಳಗದ್ದೇ, ಬಿಸಿಲಿಗೆ ಬಗ್ಗುವುದೂ ಇಲ್ಲ. ಆದರೆ ಅದು ಅಮೆರಿಕ ಖಂಡದಿಂದ ಬಂದದ್ದು. ಎಲೆಯನ್ನು ದನ ಮೂಸುವುದಿಲ್ಲ. ಕಾಯಿ ಸಿಹಿ, ಆದರೆ ಬಹುದಿನ ಅದನ್ನೇ ತಿಂದ ದನಕ್ಕೆ ದವಡೆ ಸೋತು ಮೆಲುಕು ಹಾಕಲಾಗದೆ ಬಡಕಲಾಗುತ್ತದೆ. ಸಗಣಿಯಲ್ಲಿ ಬೀಜ ಬಿದ್ದು ಹೊಲವೂ ಹೋಗುತ್ತದೆ. ಗುರುತು ಸುಲಭ: ಬಳ್ಳಾರಿ ಜಾಲಿಯ ಮುಳ್ಳು ಗೆಣ್ಣಿನಲ್ಲಿ ಜೋಡಿಯಾಗಿ, ಉದ್ದಕ್ಕೆ ಇರುತ್ತದೆ. ಬನ್ನಿಯದು ಗಿಡ್ಡ, ಗೆಣ್ಣುಗಳ ನಡುವೆ ಅಲ್ಲೊಂದು ಇಲ್ಲೊಂದು.

ಬೋರೆಯೂ ಮರುಭೂಮಿಗೆ ಒಗ್ಗಿದ ಗಿಡವೇ, ಆಡಿಗೆ ಅದರ ಎಲೆ ಬಲು ಇಷ್ಟ. ಕರಿಜಾಲಿಯ ಕಾಯಿಯೂ ಮೇವಿಗಾಗುತ್ತದೆ.

ಬನ್ನಿ ನಿಧಾನದ ಮರ. ಇಂದು ಹುಟ್ಟಿದ ಹೆಣ್ಣುಗರು ನಾಲ್ಕೈದು ಸೂಲು ಹಾಕುವ ಹೊತ್ತಿಗೆ, ಅಂದರೆ ಹತ್ತು ವರ್ಷಕ್ಕೆ, ರೆಂಬೆ ಸವರಬಹುದು. ಹಾಗಾಗಿ ಬದುವಿನಲ್ಲಿ ತಾನಾಗಿ ಎದ್ದ ಸಸಿಯಿದ್ದರೆ ಮೊದಲು ಅದನ್ನು ಉಳಿಸಿಕೊಳ್ಳಿ. ಹೊಸದಾಗಿ ಹಾಕುವವರು ಬೇಸಿಗೆಯಲ್ಲಿ ಮಾಗಿದ ಕಾಯಿಯಿಂದ ಹುಳ ಕೊರೆಯದ ಬೀಜ ಆರಿಸಿ, ಬಿಸಿನೀರು ಸುರಿದು ರಾತ್ರಿಯಿಡೀ ನೆನೆಹಾಕಿ. ಬೇರು ನೇರ ಕೆಳಗೆ ಇಳಿಯುವುದರಿಂದ ಉದ್ದನೆಯ ಚೀಲದಲ್ಲೇ ಬಿತ್ತಿ. ಮಳೆ ಹಿಡಿದ ಮೇಲೆ ಬದುವಿಗೆ ನೆಟ್ಟು, ಆಡಿನ ಬಾಯಿಗೆ ಸಿಗದಂತೆ ಮೂರು ವರ್ಷ ಮುಳ್ಳುಬೇಲಿ ಕಟ್ಟಿ. ಬೇಲಿಗೆ ಬಳ್ಳಾರಿ ಜಾಲಿಯ ಮುಳ್ಳೇ ಸಾಕು.